ದೊಡ್ಡಕ್ಕನಿಗೆ ಬಂದ ಕುರ್ಚಿ

ಆ ಬಟ್ಟೆ ಒಗೆಯುವ ಕಾರ್ಖಾನೆಯ ಕೆಳಗಿನ ಹಾಲಿನಲ್ಲಿ ನಾಲ್ಕು ಇಸ್ತ್ರಿ ಯಂತ್ರ, ಎರಡು ಕಿಟಕಿ, ಹತ್ತೊಂಬತ್ತು ಹೆಂಗಸರು ಇದ್ದರು. ಕುರ್ಚಿ ಒಂದೂ ಇರಲಿಲ್ಲ. ಸ್ಟೂಲಿಲ್ಲ, ಬೆಂಚಿಲ್ಲ. ಮೊದಲು ಕಿಟಕಿಯ ಕೆಳಗೆ ಮೊಣಕಾಲೆತ್ತರದ ಒಂದು ಕಟ್ಟೆ ಇತ್ತಂತೆ. ಯಾರೋ ಒಬ್ಬಳು ಅದರ ಮೇಲೆ ಎರಡು ನಿಮಿಷ ಕುಂಡಿ ಊರಿದ್ದನ್ನು ಧಣಿ ಮೇಲಿನ ಗಾಜಿನ ಕೋಣೆಯಿಂದ ನೋಡಿದ. ಮಾರನೆಯ ದಿನವೇ ಆ ಕಟ್ಟೆಗೆ ಇಳಿಜಾರಾಗಿ ಸಿಮೆಂಟು ಬಳಿಸಿದ. ಈಗ ಅಲ್ಲಿ ನೊಣ ಕೂತರೂ ಜಾರಬೇಕು.

ಹೋಟೆಲುಗಳಿಂದ, ಆಸ್ಪತ್ರೆಗಳಿಂದ ಬೆಡ್‌ಶೀಟುಗಳು ಗಾಡಿಗಟ್ಟಲೆ ಬರುತ್ತಿದ್ದವು. ಒಗೆದ ಹಸಿ ಶೀಟಿನ ಎರಡು ತುದಿಗಳನ್ನು ಇಬ್ಬರು ಹಿಡಿದು ಕಾದ ರೋಲರಿನ ಬಾಯಿಗೆ ಕೊಡಬೇಕು. ಆ ಕಡೆಯಿಂದ ಹಪ್ಪಳದ ಹಾಗೆ ಹೊರಬಂದದ್ದನ್ನು ಮತ್ತಿಬ್ಬರು ಮಡಿಸಬೇಕು. ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಇದೇ.

ದೊಡ್ಡಕ್ಕ ಅಲ್ಲಿ ಇಪ್ಪತ್ತೆರಡು ವರ್ಷ ನಿಂತಿದ್ದಳು. ಅವಳ ಹಿಮ್ಮಡಿಯಿಂದ ಮೊಣಕಾಲಿನವರೆಗೆ ನೀಲಿ ನರಗಳು ಗಂಟುಗಂಟಾಗಿ ಎದ್ದಿದ್ದವು. ಬೆಳಿಗ್ಗೆ ಅವಳ ಕಾಲು ಅವಳದೇ. ಸಂಜೆ ಆನೆಯದು. ಚಪ್ಪಲಿಯನ್ನು ಚೀಲದಲ್ಲಿಟ್ಟುಕೊಂಡು ಬರಿಗಾಲಲ್ಲಿ ಮನೆಗೆ ಹೋಗುತ್ತಿದ್ದಳು.

ಅವಳು ಚರ್ಚಿಗೆ ಹೋಗಲು ಶುರುಮಾಡಿದ್ದೂ ಕಾಲಿನ ದೆಸೆಯಿಂದಲೇ. ಅಲ್ಲಿ ಬೆಂಚುಗಳಿದ್ದವು. ಎರಡು ಗಂಟೆ ಕೂತರೂ ಯಾರೂ ಏಳು ಎನ್ನುತ್ತಿರಲಿಲ್ಲ. ಮೊದಲ ವರ್ಷ ಬೆಂಚಿಗಾಗಿ ಹೋದಳು. ಆಮೇಲೆ ಹಾಡಿಗಾಗಿ. ಯಾವಾಗ ದೇವರಿಗಾಗಿ ಹೋಗತೊಡಗಿದಳೋ ಅವಳಿಗೇ ತಿಳಿಯಲಿಲ್ಲ. ಆದರೆ ಒಂದು ದಿನ ಬೆಂಚು ತುಂಬಿ ಜಾಗವಿಲ್ಲದಿದ್ದಾಗಲೂ ಅವಳು ವಾಪಸು ಬರಲಿಲ್ಲ. ಆಗ ಗೊತ್ತಾಯಿತು.

ಯಂತ್ರದಲ್ಲಿ ಅವಳ ಜೋಡಿ ಗುಬ್ಬಿ. ಗುಬ್ಬಿಯಷ್ಟೇ ಮೈ, ಗುಬ್ಬಿಯಷ್ಟೇ ಬಾಯಿ. ದಿನವಿಡೀ ಚಿಲಿಪಿಲಿ. ರೋಲರಿನ ಮುಂದೆ ಒಂದು ಕಬ್ಬಿಣದ ಪಟ್ಟಿ ಇತ್ತು. ಕೈ ಅದಕ್ಕೆ ತಾಗಿದ ಕೂಡಲೇ ಯಂತ್ರ ನಿಲ್ಲಬೇಕು. ಅದು ಕೆಟ್ಟು ಎಂಟು ತಿಂಗಳಾಗಿತ್ತು. ಹರಿದ ದಿಂಬಿನ ಕವರಿನಿಂದ ಅದನ್ನು ಮೇಲಕ್ಕೆತ್ತಿ ಕಟ್ಟಿದ್ದರು. ದೊಡ್ಡಕ್ಕ ಮೂರು ಸಲ ಮೇಸ್ತ್ರಿಗೆ ಹೇಳಿದ್ದಳು. ಮೇಸ್ತ್ರಿ ಮೂರು ಸಲವೂ "ಬರೆದುಕೊಂಡಿದೀನಿ" ಎಂದಿದ್ದ. ಎಲ್ಲಿ ಬರೆದುಕೊಂಡನೋ ದೇವರೇ ಬಲ್ಲ.

ಒಂದು ಮಧ್ಯಾಹ್ನ ಶೀಟಿನ ಮಡಿಕೆ ಗುಬ್ಬಿಯ ಬೆರಳಿಗೆ ಸುತ್ತಿಕೊಂಡಿತು. ರೋಲರ್ ಶೀಟನ್ನು ಎಳೆಯಿತು. ಶೀಟಿನ ಜೊತೆಗೆ ಕೈಯನ್ನೂ.

ದೊಡ್ಡಕ್ಕ ಓಡಿಹೋಗಿ ಗೋಡೆಯ ಮೇಲಿನ ಸ್ವಿಚ್ಚು ಆರಿಸುವಷ್ಟರಲ್ಲಿ ಮಣಿಕಟ್ಟಿನವರೆಗೆ ಆಗಿಹೋಗಿತ್ತು.

ಇದಾದ ಮೇಲೆ ಕಾರ್ಖಾನೆ ಸರ್ಕಾರಕ್ಕೆ ಒಂದು ವರದಿ ಕಳಿಸಿತು. "ಸದರಿ ಕೆಲಸಗಾರಳು ಕೆಲಸದ ವೇಳೆಯಲ್ಲಿ ಕುಳಿತು ನಿದ್ರಿಸುತ್ತಿದ್ದಾಗ ಆಯತಪ್ಪಿ ಕೈಯನ್ನು ಯಂತ್ರದೊಳಗೆ ಹಾಕಿಕೊಂಡಿರುತ್ತಾಳೆ." ನಿದ್ದೆ ಮಾಡಿದವಳಿಗೆ ಪರಿಹಾರವಿಲ್ಲ, ಕೆಲಸವೂ ಇಲ್ಲ. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಸರ್ಕಾರಿ ಕಚೇರಿಯ ಯಾವನೋ ಗುಮಾಸ್ತ ವರದಿಯನ್ನು ನಿಜವಾಗಿಯೂ ಓದಿಬಿಟ್ಟ. ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ ಬರೆದು ವಾಪಸು ಕಳಿಸಿದ.

"ಕುಳಿತಿದ್ದು ಎಲ್ಲಿ?"

ಮೇಲಿನ ಗಾಜಿನ ಕೋಣೆಯಲ್ಲಿ ಎರಡು ದಿನ ಮೀಟಿಂಗ್ ನಡೆಯಿತು. ಮೂರನೆಯ ದಿನ, ಸೋಮವಾರ, ಹಾಲಿಗೆ ಒಂದು ಕುರ್ಚಿ ಬಂತು.

ಮರದ ಕುರ್ಚಿ. ಕೈ ಇತ್ತು, ಬೆನ್ನಿತ್ತು, ಮೆತ್ತೆ ಇತ್ತು. ಮೇಸ್ತ್ರಿ ಬಾಗಿಲು ಹಾಕಿಕೊಂಡು ಅದನ್ನು ಹಳತು ಮಾಡತೊಡಗಿದ. ಮರಳು ಕಾಗದದಿಂದ ಉಜ್ಜಿದ. ಮೆತ್ತೆಯ ಮೇಲೆ ಅರ್ಧ ಲೋಟ ಚಹಾ ಚೆಲ್ಲಿದ. ಕಾಲುಗಳಿಗೆ ಸುತ್ತಿಗೆಯಿಂದ ನಾಲ್ಕು ಬಡಿದ. ಕೊನೆಗೆ ಬೆನ್ನಿನ ಮೇಲೆ ಬಿಳಿ ಬಣ್ಣದಲ್ಲಿ "೭" ಎಂದು ಬರೆದ. ಒಂದರಿಂದ ಆರು ಎಲ್ಲಿವೆ ಎಂದು ಕೇಳಲು ಯಾರಿಗೂ ಧೈರ್ಯ ಬರಲಿಲ್ಲ.

ಇಷ್ಟಾದರೂ ಕುರ್ಚಿ ಮದುವಣಗಿತ್ತಿಯ ಹಾಗೆ ಹೊಸತಾಗಿಯೇ ಕಾಣುತ್ತಿತ್ತು. ಕೂತು ಕೂತು ಸವೆದರೆ ತಾನೇ ಹಳತಾಗುವುದು? ಕೂರುವ ಮೈ ಒಂದು ಬೇಕಿತ್ತು. ಸಾಕ್ಷಿ ಹೇಳುವ ಬಾಯಿ ಒಂದು ಬೇಕಿತ್ತು. ಮೇಸ್ತ್ರಿ ದೊಡ್ಡಕ್ಕನನ್ನು ಕರೆದ.

"ಕೂತ್ಕೊಳ್ಳಿ ದೊಡ್ಡಕ್ಕ."

ಅವಳು ಹಿಂದೆ ತಿರುಗಿ ನೋಡಿದಳು. ಬೇರೆ ಯಾರನ್ನೋ ಕರೆಯುತ್ತಿದ್ದಾನೆ ಎಂದುಕೊಂಡಳು.

"ನಿಮಗೇ ಹೇಳ್ತಿರೋದು. ಇನ್ಮೇಲೆ ನೀವು ಕೂತೇ ಮಡಿಸ್ಬೋದು. ಈ ಕುರ್ಚಿ ನಿಮ್ದು. ರಿಟೈರ್ ಆಗೋ ತನಕ."

"ಯಾಕ್ ಸರ್?"

"ಹತ್ತು ದಿನದಲ್ಲಿ ತನಿಖೆ ಸಾಹೇಬ್ರು ಬರ್ತಾರೆ. ಗುಬ್ಬಿ ಇದೇ ಕುರ್ಚಿ ಮೇಲೆ ಕೂತು ತೂಕಡಿಸ್ತಿದ್ಲು, ನಾನೇ ನೋಡ್ದೆ ಅಂತ ಒಂದು ಮಾತು. ಒಂದೇ ಮಾತು."

"ಅವಳು ನಿಂತಿದ್ಲು ಸರ್. ನನ್ ಪಕ್ಕದಲ್ಲೇ."

ಮೇಸ್ತ್ರಿ ದನಿ ತಗ್ಗಿಸಿದ. ಅವನೂ ಅದೇ ಚರ್ಚಿನವನು. ಹಾಡುವ ತಂಡದಲ್ಲಿ ಮುಂದಿನ ಸಾಲು. "ದೊಡ್ಡಕ್ಕ, ಭಾರ ಹೊತ್ತು ದಣಿದವರೆಲ್ಲ ಬನ್ನಿ, ವಿಶ್ರಾಂತಿ ಕೊಡ್ತೀನಿ ಅಂತ ಸ್ವಾಮಿ ಹೇಳಿಲ್ವಾ? ಅದು ಹೆಂಗೆ ಬರುತ್ತೆ ಅಂದ್ಕೊಂಡಿದೀರಿ? ಆಕಾಶದಿಂದ ಬೀಳುತ್ತಾ? ಹೀಗೇ ಬರೋದು. ನಾಲ್ಕು ಕಾಲಿನ ಮೇಲೆ."

ದೊಡ್ಡಕ್ಕನ ಕಾಲುಗಳಿಗೆ ಧರ್ಮಶಾಸ್ತ್ರ ಗೊತ್ತಿರಲಿಲ್ಲ. ಅವು ಅವಳನ್ನು ಕೇಳದೆಯೇ ಮಡಚಿಕೊಂಡವು. ಅವಳು ಕೂತಳು.

ಬೆನ್ನು ಹಿಂದಕ್ಕೆ ಒರಗಿದ್ದೇ ಒಳಗಿನಿಂದ ಒಂದು ಉಸಿರು ಬಂತು. ಇಪ್ಪತ್ತೆರಡು ವರ್ಷದ ಹಳೆಯ ಉಸಿರು. ಕಣ್ಣಲ್ಲಿ ನೀರೇ ಬಂತು. ಹದಿನೇಳು ಜನ ಕೆಲಸ ಮಾಡುತ್ತಲೇ ತಿರುಗಿ ನೋಡಿದರು. ಬೈದಿದ್ದರೆ ವಾಸಿ ಇತ್ತು. ಒಬ್ಬಳು ಹತ್ತಿರ ಬಂದು, "ಮೆತ್ತಗಿದೆಯಾ ಅಕ್ಕ?" ಎಂದು ಮಾತ್ರ ಕೇಳಿ ಹೋದಳು.

ಅಂದು ಸಂಜೆ ಅವಳು ಚಪ್ಪಲಿ ಹಾಕಿಕೊಂಡೇ ಮನೆಗೆ ಬಂದಳು. ಗೋಡೆಗೆ ಬಣ್ಣ ಬಳಿಯುವ ಗಂಡ ಬಿಸಿನೀರಿನ ಬಕೆಟ್ಟು ಇಟ್ಟುಕೊಂಡು ಕಾಯುತ್ತಿದ್ದ. ದಿನವೂ ಅವಳ ಕಾಲನ್ನು ನೀರಿನಲ್ಲಿಟ್ಟು ನೀವುವುದು ಅವನ ಕೆಲಸ.

"ಏನೇ ಇದು, ಇವತ್ತು ಕಾಲು ನಿಂದೇ ಇದೆ!"

ಅವಳು ನಡೆದದ್ದನ್ನೆಲ್ಲ ಹೇಳಿದಳು. ಅವನು ನಕ್ಕ. "ಕುರ್ಚಿ ಸಿಕ್ತು ಅನ್ನು. ಮಂತ್ರಿಗಳೇ ಕುರ್ಚಿಗೋಸ್ಕರ ಏನೇನೋ ಹೇಳ್ತಾರೆ. ನೀನು ಒಂದು ಮಾತು ಹೇಳಿದ್ರೆ ಭೂಮಿ ಬಾಯ್ಬಿಡುತ್ತಾ?" ಆಮೇಲೆ ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ನೀವತೊಡಗಿದ. "ನನಗೆ ನಿನ್ ಕಾಲಷ್ಟೇ ಕಾಣ್ಸುತ್ತೆ ಕಣೆ. ಬೇರೆಯವರ ಕೈ ಕಾಣ್ಸಲ್ಲ. ನನ್ನ ಕೇಳ್ಬೇಡ."

ಐದು ದಿನ ಅವಳು ಕೂತಳು. ಆರನೆಯ ದಿನ, ಶನಿವಾರ, ಕೂತೇ ಕೆಲಸ ಮುಗಿಸಿ ಗುಬ್ಬಿಯ ಮನೆಗೆ ಹೋದಳು. ಗುಬ್ಬಿ ಬಾಗಿಲಲ್ಲಿ ಕೂತು ಎಡಗೈಯಲ್ಲಿ ಗುಂಡಿ ಹಾಕಲು ಕಲಿಯುತ್ತಿದ್ದಳು. ಬಲಗೈ ಬಿಳಿ ಪಟ್ಟಿಯೊಳಗೆ ಮೋಟು ಸೌಟಿನ ಹಾಗಿತ್ತು. ಬಾಯಿ ಮಾತ್ರ ನಿಂತುಹೋಗಿತ್ತು. ಗುಂಡಿ ಬಿಟ್ಟು ತಲೆಯೆತ್ತಿ ಕೇಳಿದಳು.

"ಅಕ್ಕ, ನಿಜ ಹೇಳು. ನಾನು ನಿದ್ದೆ ಮಾಡಿದ್ನಾ?"

"ಏನ್ ಮಾತು ಅಂತ ಆಡ್ತೀಯೆ?"

"ಮೇಸ್ತ್ರಿ ಬಂದಿದ್ರು. ಆಫೀಸಿನವರು ಇಬ್ಬರು ಬಂದಿದ್ರು. ನೀನು ಕುರ್ಚಿ ಮೇಲೆ ಕೂತು ಗೊರಕೆ ಹೊಡೀತಿದ್ದೆ ಅಂದ್ರು. ಕುರ್ಚಿ ಎಲ್ಲಿತ್ತು ಅಂದೆ. ಏಳನೇ ನಂಬರ್ ಕುರ್ಚಿ ಅಂದ್ರು. ನಂಬರೂ ಇದೆ ಅಂದ್ಮೇಲೆ ಇದ್ದಿರ್ಬೇಕು ಅಲ್ವಾ? ನನ್ ತಲೆ ಕೆಟ್ಟಿರ್ಬೋದು. ನೀನು ಪಕ್ಕದಲ್ಲೇ ಇದ್ದೆ. ನೀನು ಹೇಳಿದ್ರೆ ನಂಬ್ತೀನಿ."

"ಇಲ್ಲ" ಎಂಬ ಎರಡಕ್ಷರ ದೊಡ್ಡಕ್ಕನ ನಾಲಿಗೆಯ ತುದಿಗೆ ಬಂದು ಅಲ್ಲಿಯೇ ಕೂತಿತು. "ಬರ್ತೀನಿ ಕಣೆ" ಎಂದಷ್ಟೇ ಹೇಳಿ ಎದ್ದುಬಂದಳು. ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಕೈಯನ್ನು ಯಂತ್ರ ತಿಂದಿತು. ನೆನಪನ್ನು ನಾನು ತಿನ್ನುತ್ತಿದ್ದೇನೆ ಎಂದುಕೊಂಡಳು.

ಭಾನುವಾರ ಚರ್ಚಿನಲ್ಲಿ ಅವಳು ಬೆಂಚಿನ ಮೇಲೆ ಕೂರಲಿಲ್ಲ. ಕೊನೆಯ ಗೋಡೆಗೆ ಬೆನ್ನು ಕೂಡ ತಾಗಿಸದೆ ನಿಂತಳು. ಮುಂದೆ ಮೇಸ್ತ್ರಿ ಬಾಯಿ ತುಂಬ ಹಾಡುತ್ತಿದ್ದ. ಎಲ್ಲರೂ ಹೋದ ಮೇಲೆ ಸಭೆಯ ಪಾದ್ರಿ ಅಯ್ಯನವರು ಹತ್ತಿರ ಬಂದರು. ವಯಸ್ಸಾದವರು, ಕಿವಿ ಸ್ವಲ್ಪ ಮಂದ.

"ಯಾಕಮ್ಮ, ಕೂರ್ಲೇ ಇಲ್ಲ?"

"ಕೂತ್ರೆ ಸುಳ್ಳು ಹೇಳಿದ ಹಾಗಾಗುತ್ತೆ ಅಯ್ಯನವರೇ."

"ಏನು, ಜ್ವರಾನಾ?"

"ಸುಳ್ಳು! ಸುಳ್ಳು ಸಾಕ್ಷಿ!" ಎಂದು ಕಿರುಚಿದಳು. ಖಾಲಿ ಚರ್ಚಿನಲ್ಲಿ ಆ ಮಾತು ಮೇಲೆ ಹೋಗಿ ಬಡಿದು ಕೆಳಗೆ ಬಂತು. ಆಮೇಲೆ ಎಲ್ಲವನ್ನೂ ಅಷ್ಟೇ ಜೋರಾಗಿ ಹೇಳಬೇಕಾಯಿತು. ಅಂಗಳದಲ್ಲಿದ್ದವರಿಗೂ ಕೇಳಿಸಿರಬೇಕು. "ಆ ಕುರ್ಚಿ ಬೇಕು ಅನ್ಸುತ್ತೆ ಅಯ್ಯನವರೇ! ಕನಸಲ್ಲೂ ಬರುತ್ತೆ! ನಾನು ಪಾಪಿ!"

ಅಯ್ಯನವರು ತಲೆ ಅಲ್ಲಾಡಿಸಿದರು. "ಕೂರೋ ಆಸೆ ಪಾಪ ಅಲ್ಲಮ್ಮ. ಸ್ವಾಮಿಯೂ ನಡೆದು ನಡೆದು ದಣಿದು ಬಾವಿ ಹತ್ರ ಕೂತಿದ್ರು. ಆದ್ರೆ ಯಾರನ್ನೂ ಬಾವಿಗೆ ತಳ್ಳಿ ಕೂರ್ಲಿಲ್ಲ."

ಅವರು ಹೋದರು. ಅವಳು ನಿಂತೇ ಪ್ರಾರ್ಥನೆ ಮಾಡಿದಳು. ಅವಳಿಗೆ ಚಂದದ ಮಾತು ಬರುತ್ತಿರಲಿಲ್ಲ. "ಸ್ವಾಮಿ, ಆಸೆ ತೆಗೆದುಬಿಡು ಅಂತ ಕೇಳಲ್ಲ. ಅದು ಹೋಗಲ್ಲ, ನನಗೆ ಗೊತ್ತು. ಆಸೆ ಇರ್ಲಿ. ಬಾಯಿ ನೆಟ್ಟಗಿಡು. ಆ ದಿನ ಒಂದು ಗಂಟೆ ನನ್ ಕಾಲಿಗೆ ಬಲ ಕೊಡು. ಅಷ್ಟು ಸಾಕು." ಮನಸ್ಸು ಹಗುರವಾಯಿತು ಎಂದೇನಲ್ಲ. ಕಾಲು ಮೊದಲಿನಷ್ಟೇ ನೋಯುತ್ತಿತ್ತು. ಆದರೆ ನೋವು ಈಗ ತನ್ನದೇ ಎನಿಸಿತು. ಅಲ್ಲಿಂದ ನೇರ ಗುಬ್ಬಿಯ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಹೇಳಿದಳು, "ನೀನು ನಿದ್ದೆ ಮಾಡಿರ್ಲಿಲ್ಲ. ಅವತ್ತು ಅಲ್ಲಿ ಕುರ್ಚಿನೂ ಇರ್ಲಿಲ್ಲ." ಗುಬ್ಬಿ ಗಳಗಳ ಅತ್ತಳು.

ಸೋಮವಾರದಿಂದ ದೊಡ್ಡಕ್ಕ ಕುರ್ಚಿಯ ಪಕ್ಕದಲ್ಲಿ ನಿಂತು ಮಡಿಸಿದಳು. "ಕೂತ್ಕೊಳ್ಳಿ, ಸವೀಬೇಕು" ಎಂದ ಮೇಸ್ತ್ರಿ. "ಮೂಲವ್ಯಾಧಿ ಸರ್" ಎಂದಳು. ಅದೊಂದು ಸುಳ್ಳನ್ನು ದೇವರು ಲೆಕ್ಕಕ್ಕೆ ಹಿಡಿಯಲಾರನೆಂಬ ನಂಬಿಕೆ ಅವಳಿಗಿತ್ತು.

ಬುಧವಾರ ತನಿಖೆ ಸಾಹೇಬರು ಬಂದರು. ಬೆನ್ನು ನೋವಿನ ಮನುಷ್ಯ. ಸೊಂಟಕ್ಕೆ ಬೆಲ್ಟು ಕಟ್ಟಿದ್ದರು. ಬಂದವರೇ "ಅಬ್ಬಾ" ಎಂದು ಕುರ್ಚಿಯ ಮೇಲೆ ಕೂರಲು ಬಗ್ಗಿದರು.

"ಸಾಹೇಬ್ರೇ!" ಮೇಸ್ತ್ರಿ ಕೂಗಿಕೊಂಡ. "ಕೂರ್ಬೇಡಿ! ಅದು ಸಾಕ್ಷಿ!"

"ಯಾವ್ದು?"

"ಕುರ್ಚಿ. ಆ ಹೆಂಗಸು ಕೂತ ಗುರುತು ಅದರ ಮೇಲಿದೆ. ನೀವು ಕೂತ್ರೆ ನಿಮ್ಮ ಗುರುತು ಬೀಳುತ್ತೆ."

ಸಾಹೇಬರು ಅರ್ಧ ಬಗ್ಗಿದವರು ನರಳುತ್ತಾ ಮೇಲೆದ್ದರು. ಬೇರೆ ಕುರ್ಚಿ ಕೇಳಿದರು. ಒಂದರಿಂದ ಆರನೆಯ ನಂಬರಿನವು ರಿಪೇರಿಗೆ ಹೋಗಿವೆ ಎಂದ ಮೇಸ್ತ್ರಿ. ಹೀಗಾಗಿ ಖಾಲಿ ಕುರ್ಚಿಯೊಂದನ್ನು ನಡುವೆ ಇಟ್ಟುಕೊಂಡು ಎಲ್ಲರೂ ಅದರ ಸುತ್ತ ನಿಂತರು. ಹೆಣದ ಸುತ್ತ ನಿಂತ ಹಾಗೆ.

"ದೊಡ್ಡಕ್ಕ ಮಾತ್ರ ಕೂರ್ಬೋದು" ಎಂದ ಮೇಸ್ತ್ರಿ ಜೇನು ಸುರಿಸುತ್ತಾ. "ಅವರ ಗುರುತು ಹೇಗೂ ಇದೆ. ಕೂತ್ಕೊಂಡೇ ಹೇಳಿ ದೊಡ್ಡಕ್ಕ. ಕಾಲು ನೋಯುತ್ತೆ."

ಮೆತ್ತೆ ಅವಳ ಮೀನಖಂಡಕ್ಕೆ ತಾಗುತ್ತಿತ್ತು. ಒಂದು ಗೇಣು ಬಗ್ಗಿದರೆ ಸಾಕು. ಸ್ವಾಮಿ, ಬಲ ಕೊಡು ಎಂದುಕೊಂಡು ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಗುಬ್ಬಿ ನಿದ್ದೆ ಮಾಡಿರ್ಲಿಲ್ಲ ಸಾಹೇಬ್ರೇ. ನನ್ ಪಕ್ಕದಲ್ಲಿ ನಿಂತಿದ್ಲು. ಯಂತ್ರ ನಿಲ್ಲಿಸೋ ಪಟ್ಟಿ ಕೆಟ್ಟು ತಿಂಗಳುಗಟ್ಟಲೆ ಆಗಿದೆ. ನೋಡಿ, ಈಗಲೂ ದಿಂಬಿನ ಕವರಲ್ಲಿ ಕಟ್ಟಿದೆ. ಈ ಕುರ್ಚಿ ಬಂದಿದ್ದು ಅವಳ ಕೈ ಹೋಗಿ ಮೂರು ವಾರ ಆದ್ಮೇಲೆ. ಇದರ ಮೇಲೆ ಕೂತವಳು ನಾನು. ಆರು ದಿನ ಕೂತೆ. ಸುಳ್ಳು ಹೇಳ್ತೀನಿ ಅಂತ ಒಳಗೊಳಗೇ ಒಪ್ಕೊಂಡು ಕೂತೆ. ಅದನ್ನೂ ಬರ್ಕೊಳ್ಳಿ."

ಮೇಸ್ತ್ರಿಯ ಮುಖ ಬಿಳಿಚಿತು. "ಸಾಹೇಬ್ರೇ, ಇವಳು ನಿದ್ದೆಗಣ್ಣಲ್ಲಿ ಮಾತಾಡ್ತಿದಾಳೆ."

"ನಿಂತಿದಾಳಲ್ರೀ!"

"ಇವರೆಲ್ಲ ನಿಂತ್ಕೊಂಡೇ ನಿದ್ದೆ ಮಾಡ್ತಾರೆ ಸಾಹೇಬ್ರೇ. ಅಭ್ಯಾಸ."

"ನಿಂತ್ಕೊಂಡೇ ನಿದ್ದೆ ಮಾಡೋರಿಗೆ ಕುರ್ಚಿ ಯಾಕ್ರೀ ಬೇಕಿತ್ತು?"

ಎರಡನೆಯ ಯಂತ್ರದ ಕಡೆಯಿಂದ ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಮೇಲೆ ಗಾಜಿನ ಕೋಣೆಯ ಬಾಗಿಲು ತೆರೆಯಿತು. ಧಣಿ ಹೊರಗೆ ಬಂದು ಸಾಹೇಬರತ್ತ ನೋಡಿ ಕೈಯೆತ್ತಿ ಮುಗುಳ್ನಕ್ಕ. ಅಷ್ಟೇ. ಸಾಹೇಬರ ಮುಖದ ಮೇಲಿನ ಪ್ರಶ್ನೆ ಮಡಿಸಿಟ್ಟ ಶೀಟಿನ ಹಾಗೆ ಸಪಾಟಾಯಿತು. ಕಾಗದದ ಮೇಲೆ ಒಂದು ಸಾಲು ಗೀಚಿ, ಗಟ್ಟಿಯಾಗಿ ಓದಿದರು. "ಸಾಕ್ಷಿಯು ಗೊಂದಲದಲ್ಲಿರುವುದರಿಂದ ಹೇಳಿಕೆಯನ್ನು ಪರಿಗಣಿಸಿಲ್ಲ." ಪೆನ್ನು ಜೇಬಿಗೆ ಹೋಯಿತು.

ಆಗ ಮೊದಲನೆಯ ಯಂತ್ರ ನಿಂತಿತು. ಮೆತ್ತಗಿದೆಯಾ ಎಂದು ಕೇಳಿದ್ದಳಲ್ಲ, ಅವಳು ಸ್ವಿಚ್ಚು ಆರಿಸಿ ನೆಲದ ಮೇಲೆ ಕೂತಳು. ಅವಳ ಪಕ್ಕದವಳೂ ಕೂತಳು. ಎರಡನೆಯ ಯಂತ್ರ ನಿಂತಿತು, ಮೂರನೆಯದು, ನಾಲ್ಕನೆಯದು. ಹದಿನೇಳು ಹೆಂಗಸರು ಒದ್ದೆ ನೆಲದ ಮೇಲೆ ಕಾಲು ಚಾಚಿ ಕೂತರು. ಆ ಹಾಲಿನಲ್ಲಿ ಅಂಥ ಮೌನವನ್ನು ಗೋಡೆಗಳೂ ಕೇಳಿರಲಿಲ್ಲ.

"ಏಳ್ರೀ! ಏನ್ ಮಾಡ್ತಿದೀರಿ ಎಲ್ಲ?" ಮೇಸ್ತ್ರಿ ಅರಚಿದ.

"ನಿದ್ದೆ ಸರ್" ಎಂದಳು ಒಬ್ಬಳು, ಕಣ್ಣು ಅಗಲವಾಗಿ ತೆರೆದುಕೊಂಡೇ.

"ಕೂತು ನಿದ್ದೆ ಮಾಡ್ತೀವಿ ಅಂತ ನೀವೇ ಬರೆದಿದೀರಲ್ಲ" ಎಂದಳು ಇನ್ನೊಬ್ಬಳು. "ವರದಿ ಸುಳ್ಳಾಗ್ಬಾರ್ದು."

ದೊಡ್ಡಕ್ಕ ಕೂರಲಿಲ್ಲ. ನಾಳೆ ಗೇಟಿನಲ್ಲಿ ತನ್ನನ್ನು ಒಳಗೆ ಬಿಡುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಹದಿನೇಳು ಜನರನ್ನೂ ಬಿಡುವುದಿಲ್ಲವೇ ಎಂಬುದು ಮಾತ್ರ ಗೊತ್ತಿರಲಿಲ್ಲ. ಬಹುಶಃ ಧಣಿಗೂ ಗೊತ್ತಿರಲಿಲ್ಲ. ಅವನ ಮುಗುಳ್ನಗೆ ಮೇಲೆಯೇ ನಿಂತುಬಿಟ್ಟಿತ್ತು. ಅವಳು ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ಆ ಸಾಲು ಹೊಡೆದು ಹಾಕಿ ಸಾಹೇಬ್ರೇ. ನಾನು ಹೇಳಿದ್ದನ್ನ ಹೇಳಿದ ಹಾಗೆ ಬರ್ಕೊಳ್ಳಿ. ಕೆಳಗೆ ಎಲ್ಲರೂ ಸಹಿ ಹಾಕ್ತಾರೆ."

"ದಾರಿ ಬಿಡಮ್ಮ. ನನಗೆ ಬೆನ್ನು ನೋವು. ಎಷ್ಟೊತ್ತು ಅಂತ ನಿಲ್ಲೋದು?"

ಅವಳ ಎರಡು ಕಾಲೂ ನಡುಗುತ್ತಿದ್ದವು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಅವಸರ ಇಲ್ಲ ಸಾಹೇಬ್ರೇ, ನಿಧಾನಕ್ಕೆ ಬರೀರಿ. ನನಗೆ ಇಪ್ಪತ್ತೆರಡು ವರ್ಷ ಅಭ್ಯಾಸ ಇದೆ."