ಹುಗ್ಗಿಯ ಮೇಲೆ ಮೂರು ಗೆರೆ

ನಮ್ಮ ಮನೆಯಲ್ಲಿ ಸತ್ತವರು ಉಣ್ಣುವಾಗ ಬದುಕಿದ್ದವರು ಸದ್ದು ಮಾಡುವಂತಿರಲಿಲ್ಲ. ಮಹಾನವಮಿ ಅಮಾವಾಸ್ಯೆಯ ಮಧ್ಯಾಹ್ನ ಒಳಮನೆಯಲ್ಲಿ ಹಿರಿಯರಿಗೆ ಹೊಸ ಬಟ್ಟೆ ಇಟ್ಟು, ಒಬ್ಬೊಬ್ಬರಿಗೆ ಒಂದೊಂದು ಗಂಗಾಳದಲ್ಲಿ ಎಡೆ ಬಡಿಸಿ, ಲೋಬಾನ ಹಾಕಿ, ಬಾಗಿಲು ಮುಚ್ಚಿಕೊಂಡು ಪಡಸಾಲೆಗೆ ಬಂದು ಕೂರಬೇಕು. ಹೊಗೆ ಆರುವ ತನಕ ಕೆಮ್ಮಿದರೂ ಅವ್ವ ಕಣ್ಣು ಕೆಂಪಗೆ ಮಾಡುತ್ತಿದ್ದಳು. ಎಡೆ ಇಡುವುದು, ಬಾಗಿಲು ಹಾಕುವುದು, ತೆಗೆಯುವುದು ಎಲ್ಲಾ ಮನೆಯ ಹಿರಿಯ ಗಂಡಸಿನ ಕೆಲಸ. ಬೇರೆಯವರಿಗೆ ಅವ್ವನದು ಒಂದೇ ತಾಕೀತು.

"ಹಿರೇರ ಗಂಗಾಳಕ್ಕ ಕೈ ಹಾಕಬ್ಯಾಡ್ರಿ. ಹಾಕಿದವ್ರ ಕೈ ಹಿಡಕೋತಾರ ಅವರು, ಬಿಡೂದಿಲ್ಲ."

ಹೋಳಿಗೆ ಕದಿಯುವ ಹುಡುಗರನ್ನು ಹೆದರಿಸಲು ಹೇಳುವ ಮಾತು ಅಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಸ್ವಾತಂತ್ರ್ಯ ಬಂದ ವರ್ಷದ ಮಾತು. ಮುಂಡರಗಿಯಲ್ಲಿ ಬಾವುಟ ಏರಿಸಿ ಸಕ್ಕರೆ ಹಂಚಿ ತಿಂಗಳಾಗಿತ್ತು. ಆದರೆ ನಮ್ಮೂರಿಂದ ಕೆಲವೇ ಹರದಾರಿ ಆಚೆಗೆ ನಿಜಾಮರ ಸೀಮೆ. ಅಲ್ಲಿ ಸ್ವಾತಂತ್ರ್ಯವೂ ಇರಲಿಲ್ಲ, ಸಕ್ಕರೆಯೂ ಇರಲಿಲ್ಲ. ದಿನಕ್ಕೊಂದು ಗಲಾಟೆಯ ಖಬರು ಬರುತ್ತಿತ್ತು. ಕುಕನೂರಿನ ಆಚೆ ಒಂದು ಹಳ್ಳಿಗೆ ಕೊಟ್ಟಿದ್ದ ತಂಗಿಯನ್ನು ಕರೆತರುತ್ತೇನೆಂದು ನಮ್ಮಪ್ಪ ಉಳವಪ್ಪ ಬಂಡಿ ಕಟ್ಟಿಕೊಂಡು ಹೋದ. ಐದನೆಯ ದಿನ ಅತ್ತೆ ಒಬ್ಬಳೇ ಹೊಳೆದಂಡೆ ಹಿಡಿದು ನಡೆದು ಬಂದಳು. "ಅಣ್ಣ ಬಂದಿದ್ನಾ? ನಾ ನೋಡೇ ಇಲ್ಲಲ್ಲೋ" ಎಂದಳು. ಹತ್ತನೆಯ ದಿನ ನಮ್ಮ ಎರಡು ಎತ್ತುಗಳಲ್ಲಿ ಒಂದು, ಹರಿದ ಹಗ್ಗ ಎಳೆದುಕೊಂಡು ತಾನೇ ಬಂದು ಗೋದಲಿಯ ಮುಂದೆ ನಿಂತಿತು. ಅದಕ್ಕೆ ಹುಲ್ಲು ಹಾಕಿದರೂ ಮುಟ್ಟಲಿಲ್ಲ. ಬಂದ ದಾರಿಯನ್ನೇ ನೋಡುತ್ತಿತ್ತು.

ನನಗಾಗ ಹತ್ತೊಂಬತ್ತು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಬಹಳ ದೂರ ಹೋಗಿಲ್ಲ. ಅಪ್ಪನನ್ನು ಹುಡುಕಲು ಹೊರಟೆ. ಕೈಯಲ್ಲಿ ಕೊಡಲಿ, ಹೆಗಲಿಗೆ ಕಂಬಳಿ. ಹಾಗೇ ಹಿಂದಿನ ವಾರ ಗಡಿ ದಾಟಿದ್ದ ಯಳವತ್ತಿಯ ಇಬ್ಬರು ತಿರುಗಿ ಬಂದಿರಲಿಲ್ಲ. ಅಣ್ಣ ಅಂದಪ್ಪ ಬಾಗಿಲಿಗೆ ಅಡ್ಡ ನಿಂತ.

ಅಂದಪ್ಪ ನನಗಿಂತ ಆರು ವರ್ಷ ದೊಡ್ಡವನು, ಮಾತು ಕಡಿಮೆ. ಗದಗಿನ ಹತ್ತಿ ಜಿನ್ನೊಂದರಲ್ಲಿ ದುಡಿಯುವಾಗ ಯಂತ್ರಕ್ಕೆ ಸಿಕ್ಕು ಬಲಗೈಯ ಕೊನೆಯ ಎರಡು ಬೆರಳು ಹೋಗಿದ್ದವು. ಆ ಕೈಯನ್ನೇ ನನ್ನ ಎದೆಗೆ ಒತ್ತಿ ತಡೆದ.

"ನಾಳಿ ಅಮಾಸಿ ಐತಿ. ಅಪ್ಪಗೂ ಒಂದು ಎಡಿ ಇಡೂನು" ಎಂದ.

"ಜೀವಂತ ಇರೋ ಮನಷ್ಯಾಗ ಸತ್ತವ್ರ ಎಡಿ ಇಡತೀ ಏನ್ಲೇ?" ಎಂದೆ. ಅಣ್ಣನಿಗೆ ಲೇ ಅಂದದ್ದು ಅದೇ ಮೊದಲು. ಅದಕ್ಕೂ ಅವನು ಸಿಟ್ಟಾಗಲಿಲ್ಲ.

"ಅಪ್ಪ ಎಡಿ ಮುಟ್ಟಲಿಲ್ಲಂದ್ರ ನೀ ಹೋಗು, ನಾ ತಡಿಯಾಂಗಿಲ್ಲ. ಮುಟ್ಟಿದಾ ಅಂದ್ರ ಈ ಹೊಚ್ಚಲ ದಾಟಬಾರದು. ಆತಿಲ್ಲೊ?"

ಅವ್ವ ಕಂಬಕ್ಕೆ ಆತು ಕೂತಿದ್ದಳು. ಕೈತುಂಬ ಹಸಿರು ಬಳೆ, ಹಣೆಯಲ್ಲಿ ಕಾಸಿನಗಲ ಕುಂಕುಮ. ಎಷ್ಟು ವರ್ಷ ಎಡೆ ಇಟ್ಟರೂ ಅಜ್ಜನಾಗಲಿ ಅಜ್ಜಿಯಾಗಲಿ ಒಂದು ಅಗುಳು ಕದಲಿಸಿದ್ದನ್ನು ನಾನು ಕಂಡಿರಲಿಲ್ಲ. ಗೆದ್ದೆ ಅಂದುಕೊಂಡು "ಆತು" ಎಂದೆ.

ಮರುದಿನ ಮೂರು ಗಂಗಾಳ ಇಟ್ಟೆವು. ಅಜ್ಜನದು, ಅಜ್ಜಿಯದು, ಕೊನೆಗೆ ಅಪ್ಪನದು. ಎಲ್ಲದರಲ್ಲೂ ಹೋಳಿಗೆ, ಅನ್ನ, ನಡುವೆ ಗೋಧಿ ಹುಗ್ಗಿ. ಹುಗ್ಗಿ ಆರಿ ಮೇಲೆ ಕೆನೆಗಟ್ಟಿ, ತುಪ್ಪ ಹರಡಿ ನುಣ್ಣಗಾಗಿತ್ತು. ಎಲ್ಲರನ್ನೂ ಹೊರಗೆ ಕಳಿಸಿ ಅಂದಪ್ಪ ಕೊನೆಗೆ ಬಂದು ಬಾಗಿಲು ಎಳೆದುಕೊಂಡ. ಹೊಗೆ ಆರಿದ ಮೇಲೆ ತಾನೇ ತೆಗೆದ.

ಅಪ್ಪನ ಹುಗ್ಗಿಯ ಮೇಲೆ ಮೂರು ಬೆರಳು ಎಳೆದ ಗೆರೆ ಇತ್ತು.

ಅವ್ವ ಆ ಗೆರೆಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅಂದಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು, ಮೂಲೆಯಲ್ಲಿಟ್ಟ ನನ್ನ ಕೊಡಲಿಯನ್ನು ನೋಡಿದಳು. ಹೋಗಿ ಹೊಸ್ತಿಲ ಮೇಲೆ ಎರಡೂ ಕೈ ಅಪ್ಪಳಿಸಿದಳು. ಹಸಿರು ಚೂರುಗಳು ಅಂಗಳದ ತನಕ ಸಿಡಿದವು.

ಅಪ್ಪ ಐದೂ ಬೆರಳು ಹಾಕಿ, ಮುಂಗೈ ತನಕ ಕಲಸಿ ಉಣ್ಣುತ್ತಿದ್ದ ಮನುಷ್ಯ. ಮೂರೇ ಗೆರೆ ಯಾಕೆ ಎಂದು ಒಂದು ಕ್ಷಣ ಅನಿಸಿತು. ಸತ್ತವರ ಹಸಿವು ಅಷ್ಟೇ ಇರಬೇಕು ಅಂದುಕೊಂಡೆ.

ಅವತ್ತು ಸಂಜೆ ಅಂದಪ್ಪನ ಕೈಯಿಂದ ತಂಬಿಗೆ ಜಾರಿ ಬಿತ್ತು. ಬೆರಳು ಹಿಡಿದು ನೋಡಿದರೆ ಬಾವಿಯ ನೀರಿನ ಹಾಗೆ ತಣ್ಣಗಿದ್ದವು. ಜಿನ್ನಿನ ಹಳೆಯ ಗಾಯ, ಚಳಿಗೆ ಹಾಗಾಗುತ್ತದೆ ಎಂದ. ಹೊರಗೆ ಸೆಕೆ ಕುದಿಯುತ್ತಿತ್ತು.

ಮರುವರ್ಷ ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮರ ಸೀಮೆ ತೆರೆಯಿತು. ಆದರೂ ನಾನು ಹೋಗಲಿಲ್ಲ. ಸತ್ತವನನ್ನು ಎಲ್ಲಿ ಅಂತ ಹುಡುಕುವುದು? ಅಮಾವಾಸ್ಯೆಗೆ ಮತ್ತೆ ಎಡೆ ಇಟ್ಟೆವು, ಮತ್ತೆ ಮೂರು ಗೆರೆ ಕಂಡವು. ಅಣ್ಣನ ಅಂಗೈ ತಣ್ಣಗಾಯಿತು. ಅದರ ಮುಂದಿನ ವರ್ಷ ಮಣಿಕಟ್ಟು. ವರ್ಷಕ್ಕೊಂದು ಬೆರಳುದ್ದ ತಂಪು ಮೇಲೇರುತ್ತಿತ್ತು, ಒಮ್ಮೆ ಏರಿದ್ದು ಇಳಿಯುತ್ತಿರಲಿಲ್ಲ. ಔಷಧ ಕೊಡುತ್ತಿದ್ದ ದಸ್ತಗೀರಸಾಬರು ಆ ತೋಳಿಗೆ ಎಣ್ಣೆ ತಿಕ್ಕಿ ತಿಕ್ಕಿ ಕೊನೆಗೊಂದು ದಿನ ಕೈ ಚೆಲ್ಲಿದರು. "ಇದು ಬ್ಯಾನಿ ಅಲ್ಲ ತಮ್ಮಾ. ಯಾರೋ ಹಿಡಕೊಂಡಂಗೈತಿ" ಎಂದರು. ಅಂಥ ಕೈಗೆ ಯಾರು ಹೆಣ್ಣು ಕೊಡುತ್ತಾರೆ? ಅಣ್ಣ ಹಾಗೇ ಉಳಿದ. ನನಗೆ ಮಾತ್ರ ನಿಂತು ಮದುವೆ ಮಾಡಿಸಿದ.

ತಿಂಗಳಿಗೊಮ್ಮೆ ಅಂದಪ್ಪ ಕುಕನೂರ ಸಂತೆಗೆ ಹೋಗುತ್ತಿದ್ದ. ಹತ್ತಿಬೀಜದ ವ್ಯಾಪಾರ ಅನ್ನುತ್ತಿದ್ದ. ಬರುವಾಗ ಬರಿಗೈ, ಕಾಲು ತುಂಬ ಧೂಳು. "ಭಾಳ ದೊಡ್ಡ ಸಾವಕಾರ ನೀನು, ಬೀಜ ಎಲ್ಲಿ ಬಿತ್ತಿ ಬಂದಿ?" ಎಂದು ನಾನು ಕಾಡುತ್ತಿದ್ದೆ. ನಗುತ್ತಿದ್ದ. ಆ ನಗೆ ನೆನಪಾದರೆ ಈಗ ನನ್ನ ನಾಲಗೆ ಕಿತ್ತುಕೊಳ್ಳಬೇಕು ಅನಿಸುತ್ತದೆ.

ಐವತ್ತಾರರ ಶ್ರಾವಣದಲ್ಲಿ ತಂಪು ಎದೆಗೆ ಇಳಿಯಿತು. ಕೊನೆಯ ದಿನ ನನ್ನನ್ನು ಹತ್ತಿರ ಕರೆದ.

"ಹೊಳೆಪ್ಪಾ, ಇನ್ನ ಎಡಿ ನೀ ಇಡು. ಅಪ್ಪಂದು ಇಡು. ನಂದು ಮಾತ್ರ ಇಡಬ್ಯಾಡ."

"ಯಾಕೋ ಅಣ್ಣಾ?"

"ಬ್ಯಾಡ ಅಂದ್ರ ಬ್ಯಾಡ" ಎಂದು ಗೋಡೆಗೆ ಮುಖ ಮಾಡಿದ. ಸಂಜೆಗೆ ಉಸಿರು ನಿಂತಿತು.

ಅಣ್ಣನಿಗೆ ಎಡೆ ಇಡದೆ ನಾನು ಅನ್ನ ಹೇಗೆ ಉಣ್ಣಲಿ? ಅವನ ಮಾತು ಮೀರಿದೆ. ಆ ಅಮಾವಾಸ್ಯೆಗೆ ಮನೆಯಲ್ಲಿದ್ದವರು ಅವ್ವ ಮತ್ತು ನಾನು ಇಬ್ಬರೇ. ಹೆಂಡತಿ ನೀಲಗಂಗವ್ವ ಹೆರಿಗೆಗೆ ತವರಿಗೆ ಹೋಗಿದ್ದಳು, ಅತ್ತೆ ಗಡಿ ತೆರೆದ ವರ್ಷವೇ ಗಂಡನ ಊರಿಗೆ ಮರಳಿದ್ದಳು. ಬರುವ ತಿಂಗಳು ಎಲ್ಲ ಕನ್ನಡದ ಸೀಮೆ ಒಂದಾಗುತ್ತದೆ ಎಂದು ಓಣಿಯಲ್ಲಿ ಜನ ತೋರಣಕ್ಕೆ ಚಂದಾ ಪಟ್ಟಿ ಹಾಕುತ್ತಿದ್ದರು. ನಮ್ಮ ಒಳಮನೆಯಲ್ಲಿ ನಾನು ನಾಲ್ಕನೆಯ ಗಂಗಾಳ ಇಡುತ್ತಿದ್ದೆ.

ನಾಲ್ಕರ ಹುಗ್ಗಿಯನ್ನೂ ನಾನೇ ಬಡಿಸಿದೆ, ನಾನೇ ತುಪ್ಪ ಬಿಟ್ಟೆ, ನಾನೇ ಬಾಗಿಲು ಹಾಕಿದೆ. ಬಾಗಿಲಿಗೇ ಬೆನ್ನು ಕೊಟ್ಟು ಕೂತೆ. ಒಳಗಿನಿಂದ ಸಣ್ಣಗೆ ಗಂಗಾಳ ನೆಲಕ್ಕೆ ಉಜ್ಜಿದ ಸದ್ದು ಬಂತು. ಇಲಿ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಬೆನ್ನ ಹಿಂದಿನ ಹಲಗೆ ಮೆಲ್ಲಗೆ ತಣ್ಣಗಾಗುತ್ತಿತ್ತು.

ಹೊಗೆ ಆರಿದ ಮೇಲೆ ಬಾಗಿಲು ತೆಗೆದೆ. ಅಜ್ಜನದು ಹಾಗೇ ಇತ್ತು, ಅಜ್ಜಿಯದೂ ಹಾಗೇ. ಅಪ್ಪನ ಹುಗ್ಗಿಯ ಮೇಲೆ ಒಂದು ಗೀರೂ ಇರಲಿಲ್ಲ, ತುಪ್ಪ ಕನ್ನಡಿಯಂತೆ ನಿಂತಿತ್ತು. ಅಂದಪ್ಪನ ಹುಗ್ಗಿಯ ಮೇಲೆ ಮೂರು ಗೆರೆ ಇದ್ದವು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಒಂಬತ್ತು ವರ್ಷ ಅಪ್ಪನವೆಂದು ನಾನು ಕೈಮುಗಿದ ಅವೇ ಗೆರೆಗಳು.

ಎಲ್ಲ ಒಮ್ಮೆಗೇ ತಿಳಿಯಿತು. ನನ್ನನ್ನು ಹೊಸ್ತಿಲೊಳಗೆ ಉಳಿಸಲು ಅಣ್ಣ ಸತ್ತವರ ಎಡೆಗೆ ಕೈ ಹಾಕಿದ್ದ. ಆ ಸುಳ್ಳಿಗೆ ಅವ್ವ ಬಳೆ ಒಡೆದುಕೊಂಡ ಮೇಲೆ ಅದನ್ನು ವಾಪಸು ತೆಗೆದುಕೊಳ್ಳಲಾಗದೆ ವರ್ಷ ವರ್ಷವೂ ಹಾಕಿದ. ಅಪ್ಪ ಸತ್ತಿದ್ದಾನೆಂದು ನಮಗೆ ಹೇಳಿದವರು ಯಾರೂ ಇರಲಿಲ್ಲ, ಆ ಮೂರು ಬೆರಳು ಬಿಟ್ಟರೆ. ಬದುಕಿದ್ದರೆ? ಒಂಬತ್ತು ವರ್ಷ ಒಬ್ಬ ಜೀವಂತ ಮನುಷ್ಯನಿಗೆ ಸತ್ತವರ ಕೂಳು ಬಡಿಸಿದ್ದೆವೇ?

ಅವ್ವನ ಹೆಜ್ಜೆ ಕೇಳಿಸಿತು. ಈ ನುಣ್ಣನೆಯ ಹುಗ್ಗಿಯನ್ನು ಅವಳು ಕಂಡರೆ ಏನಾಗುತ್ತಾಳೆ ಎಂದು ನಾನು ಯೋಚಿಸಲಿಲ್ಲ, ನನ್ನ ಕೈ ಯೋಚಿಸಿತು. ಕೊನೆಯ ಎರಡು ಬೆರಳು ಮಡಚಿ ಅಪ್ಪನ ಗಂಗಾಳದತ್ತ ಬಗ್ಗಿದೆ. ನಡುಬೆರಳಿನ ತುದಿಗೆ ತುಪ್ಪ ಹತ್ತಿತು.

"ಬ್ಯಾಡೋ ಯಪ್ಪಾ. ಒಬ್ಬಾಂವ ಹಾಕಿದ್ದು ಸಾಕು."

ಅವ್ವ ಬಾಗಿಲಲ್ಲಿ ನಿಂತಿದ್ದಳು. ಕೈ ಹಿಂದೆಳೆದುಕೊಂಡೆ. "ನಿನಗ ಗೊತ್ತಿತ್ತಾ?" ಎಂದೆ.

"ಆ ಕೈಗೆ ಉಣ್ಣಾಕ ಕಲಿಸಿದಾಕಿ ನಾನು. ಜಿನ್ನಿನ್ಯಾಗ ಬೆರಳ ಹೋದಮ್ಯಾಲ ಎರಡನೇ ಸಲ ಕಲಿಸಿದಾಕೀನೂ ನಾನ. ನನಗ ತಿಳಿಯೂದಿಲ್ಲೇನು?"

"ಮತ್ತ ಬಳಿ ಯಾಕ ಒಡಕೊಂಡಿ ಅವ್ವಾ?"

"ನೀ ಕೊಡ್ಲಿ ಹಿಡಕೊಂಡು ಹೊಂಟ ನಿಂತಿದ್ದೆಲ್ಲೋ" ಎಂದಳು. ಅಷ್ಟೇ ಹೇಳಿ ಅಳತೊಡಗಿದಳು. ಅಂದಪ್ಪ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ನಾನೂ ಅತ್ತೆ.

ಕಣ್ಣೊರೆಸಿಕೊಂಡು ಅವ್ವ ಅಪ್ಪನ ಗಂಗಾಳವನ್ನು ಹಿರಿಯರ ಸಾಲಿನಿಂದ ಎತ್ತಿ ಅಡಿಗೆಮನೆಗೆ ಒಯ್ದಳು. ಹೋಳಿಗೆಯನ್ನು ಅರಿವೆಯಲ್ಲಿ ಸುತ್ತಿದಳು, ಹುಗ್ಗಿಯನ್ನು ಮುಚ್ಚಳದ ಡಬ್ಬಿಗೆ ಹಾಕಿದಳು. ಎರಡನ್ನೂ ಸೇರಿಸಿ ಬುತ್ತಿ ಕಟ್ಟಿ ನನ್ನ ಎಡಗೈಗೆ ಕೊಟ್ಟಳು.

"ಕುಕನೂರ ಸಂತ್ಯಾಗ ಅಂದಪ್ಪ ಯಾರ್‍ಯಾರನ್ನ ಕೇಳತಿದ್ದಾ, ಅವರನ್ನ ಕೇಳು. ಅವ ಬಿಟ್ಟಲ್ಲಿಂದ ನೀ ಹುಡುಕು. ಸಿಕ್ಕರ ಇದನ್ನ ಉಣಸು. ಇದು ಎಡಿ ಅಲ್ಲ, ಬುತ್ತಿ ಅಂತ ಹೇಳು."

ಹೊಸ್ತಿಲು ದಾಟಿದೆ. ಊರ ಹೊರಗೆ ಬಿಸಿಲು ಸುಡುತ್ತಿತ್ತು. ಗಡಿಯ ಹಳೆಯ ಚೌಕಿ ಕದವಿಲ್ಲದೆ ಬಾಯಿ ತೆರೆದು ನಿಂತಿತ್ತು, ಕೇಳುವವರು ಯಾರೂ ಇರಲಿಲ್ಲ. ಅಲ್ಲಿಗೆ ಬರುವಷ್ಟರಲ್ಲಿ ಬಲಗೈಯ ನಡುಬೆರಳು ತುದಿಯಿಂದ ತಣ್ಣಗಾಗತೊಡಗಿತ್ತು. ಧೋತರಕ್ಕೆ ಒರೆಸಿದೆ, ಹೋಗಲಿಲ್ಲ. ಯಾರೋ ಹಿಡಿದುಕೊಂಡಂತಿತ್ತು. ನನಗೆ ವರ್ಷಕ್ಕೊಂದು ಬೆರಳುದ್ದದ ಲೆಕ್ಕ ಗೊತ್ತಿದೆ. ಹೆದರಿಕೆಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಹಿಡಿತದಲ್ಲಿ ಮೂರೇ ಬೆರಳಿದ್ದವು.

"ನಡಿ ಅಣ್ಣಾ" ಎಂದೆ, ಕೈ ಬಿಡಿಸಿಕೊಳ್ಳದೆ ಕುಕನೂರ ದಾರಿ ಹಿಡಿದೆ.