ಬೀರಮ್ಮನ ಒಲೆಯ ಕೆಂಡ

ಚಲುವಮ್ಮ ಕೂಸನ್ನು ಗಂಡ ಜವರಯ್ಯನ ತೊಡೆಯ ಮೇಲೆ ಮಲಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಪಕ್ಕದ ಮನೆಯ ಜಗುಲಿಗೆ ಬೀರಮ್ಮನ ಹೆಣವನ್ನು ಒರಗಿಸಿದ್ದರು, ಮೈ ತೊಳೆಯುವವರಿಲ್ಲ. ಮದ್ದೂರು ಸಂತೆಯಿಂದ ಹತ್ತಿಕೊಂಡು ಬಂದ ಜ್ವರ ಊರನ್ನೇ ಕೆಮ್ಮಿಸುತ್ತಿತ್ತು. ಮುದುಕಿ ಹೋಗಿದ್ದೂ ಅದರಲ್ಲೇ. ಬಂದ ಹೆಂಗಸರು ಬೇವಿನ ಮರದಡಿ ನಿಂತು ಮೂಗಿಗೆ ಸೆರಗು ಹಿಡಿದಿದ್ದರು.

“ಓಗ್ಬ್ಯಾಡ ಕಣಮ್ಮಿ,” ಎಂದ ಜವರಯ್ಯ. “ಕೂಸು ಇನ್ನೂ ಎಳೇದು. ಅಂಟ್ಕಂಡ್ರೆ?”

“ಬೀದೀಲೆಲ್ಲ ಕೆಮ್ತಾವ್ರೆ. ಬೆಳಿಗ್ಗೆ ನೀವೂ ಕೆಮ್ಮುದ್ರಿ. ಎಲ್ಲಿಗೆ ಅಂತ ಓಡಾನ?”

ಜವರಯ್ಯ ಕೂಸನ್ನು ಎದೆಗೆ ಎತ್ತಿಕೊಂಡ. ಒಮ್ಮೆ ಓಡಿ ನೋಡಿದ್ದವನು ಅವನು.

*

ಕೆಲವು ವರ್ಷಗಳ ಹಿಂದೆ, ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ ಇಂಥದೇ ಜ್ವರ ಬಂದಿತ್ತು. ಜವರಯ್ಯ ಹೆಂಡತಿಯನ್ನೂ ಹಿರಿಮಗಳನ್ನೂ ಕಬ್ಬಿನ ಗದ್ದೆಯ ಅಂಚಿಗೆ ಕರೆದೊಯ್ದು, ಗುಡಿಸಲು ಹಾಕಿ, ಸುತ್ತ ಜಾಲಿಮುಳ್ಳಿನ ಬೇಲಿ ಬಿಗಿದ. ನರಪಿಳ್ಳೆಯನ್ನು ಒಳಗೆ ಬಿಡಲಿಲ್ಲ. ಆದರೆ ಅದು ಬೆಂಕಿಪೊಟ್ಟಣ ಯಾವ ಅಂಗಡಿಯಲ್ಲೂ ಸಿಗದ ಕಾಲ. ಸಂಜೆಯಾದರೆ ಅವನೇ ಊರಿಗೆ ಬಂದು, ಬೀರಮ್ಮನ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ನಾಕು ಮಾತಾಡಿ, ಬೆರಣಿಯ ಮೇಲೆ ಕೆಂಡ ಇಟ್ಟುಕೊಂಡು ಹೋಗುತ್ತಿದ್ದ. ಆ ಒಲೆಯ ಕೆಂಡಕ್ಕೆ ಬರುತ್ತಿದ್ದವನು ಅವನೊಬ್ಬನೇ ಅಲ್ಲ, ಕೆಮ್ಮುವವರೂ ಬರುತ್ತಿದ್ದರು. ವಾರ ತುಂಬುವುದರೊಳಗೆ ಗುಡಿಸಲಲ್ಲಿ ಮೂವರೂ ಮಲಗಿದರು.

ಕೆಂಡಕ್ಕೆ ಬಾರದವನನ್ನು ಹುಡುಕಿಕೊಂಡು ಬೀರಮ್ಮನೇ ಬಂದಳು, ಕೈಯಲ್ಲಿ ಗಂಜಿಯ ಮಡಕೆ. ಬೇಲಿಯ ಮುಳ್ಳಿಗೆ ಅವಳ ಸೀರೆ ಹರಿಯಿತು. ಬೈಯುತ್ತಲೇ ಒಬ್ಬೊಬ್ಬರಿಗೂ ಬೇರೆ ಲೋಟ ಇಟ್ಟಳು, ಬಟ್ಟೆ ಕುದಿಸಿದಳು, ತಡಿಕೆ ತೆಗೆದು ಗಾಳಿ ಬಿಟ್ಟಳು, ಗದ್ದೆಗೆ ಹೊರಟ ಜವರಯ್ಯನನ್ನು ಗದರಿಸಿ ಮಲಗಿಸಿದಳು.

“ಜ್ವರಕ್ಕೆ ಬೇಲಿ ಆಕಕ್ಕಾಯ್ತದೇನ್ಲಾ ಮಂಕೇ? ಬರದು ಬತ್ತದೆ. ಬಂದಾಗ ಮೈ ಬೀಳ್ದಂಗೆ ನೋಡ್ಕಬೇಕು, ಅಷ್ಟೆಯ.”

ಆಮೇಲೆ ಅವಳೂ ಮಲಗಿದಳು. ತನ್ನ ಗಂಜಿ ತಾನೇ ಕಾಸಿಕೊಂಡು ಕುಡಿದು ಎದ್ದಳು.

*

ಚಲುವಮ್ಮ ಜಗುಲಿಗೆ ಹೋಗಿ, ಅಂದು ಬೇಲಿ ನೋಡಿ ಬೀರಮ್ಮ ಆಡಿದ್ದ ಮಾತನ್ನೇ ಹೆಂಗಸರಿಗೆ ಹೇಳಿದಳು.

“ಅಂಗಂದೋಳೇ ಒಂಟೋದ್ಲಲ್ಲಮ್ಮಿ ಈಗ,” ಎಂದಳು ಬೇವಿನ ಮರದಡಿಯಿಂದ ಪುಟ್ಟಮಾದಮ್ಮ, ಬೀದಿಗೆಲ್ಲ ಹಿರಿಯಳು.

“ಎಂಬತ್ತು ದಾಟಿತ್ತು ಕಣತ್ತೆ. ನೆನ್ನೆ ಸಂಜೆ ಉಪ್ಸಾರು ಕೇಳಿ ಉಂಡವ್ಳೆ. ಸಾಲ್ದು ಅಂತ ಬೈದವ್ಳೆ.”

ಯಾರೋ ಕಿಸಕ್ಕೆಂದು ನಕ್ಕರು. ಚಲುವಮ್ಮ ಒಬ್ಬಳೇ ಮೈ ಉಜ್ಜತೊಡಗಿದಳು. ಮುದುಕಿಯ ಅಂಗೈಯಲ್ಲಿ ಕೆಂಡ ಎತ್ತಿ ಎತ್ತಿ ಆಗಿದ್ದ ಕಪ್ಪು ಹೋಗಲೇ ಇಲ್ಲ. ಸ್ವಲ್ಪ ಹೊತ್ತಿಗೆ ನೀರು ಹುಯ್ಯುವ ಕೈಯೊಂದು ಬಂತು. ತಲೆಯೆತ್ತಿದರೆ ಪುಟ್ಟಮಾದಮ್ಮ. ಹಿಂದೆಯೇ ಇನ್ನಿಬ್ಬರು.

ಗಂಡಸರು ಚಟ್ಟ ಎತ್ತಿದರು. ಹೆಂಗಸರು ಊರಬಾಗಿಲವರೆಗೆ ಹೋಗಿ ಹಿಂತಿರುಗಿದರು. ಮನೆ ಹತ್ತಿರವಾದಂತೆ ಕೂಸಿನ ಅಳು ಕೇಳಿ ಚಲುವಮ್ಮನ ಎದೆಯಲ್ಲಿ ಹಾಲು ಜುಮ್ಮೆಂದಿತು. ಈ ಕೈಯಲ್ಲಿ ಮುಟ್ಟುವುದಾದರೂ ಹೇಗೆ?

ಅಂಗಳದಲ್ಲಿ ಮೂರು ಕಲ್ಲಿನ ಮೇಲೆ ಹಂಡೆ ಹೊಗೆಯಾಡುತ್ತಿತ್ತು. ಕೂಸನ್ನು ಹಿರಿಮಗಳ ಕೈಗೆ ಕೊಟ್ಟು, ಕೆಮ್ಮುವ ಬಾಯಿಗೆ ಟವಲು ಸುತ್ತಿಕೊಂಡು, ಜವರಯ್ಯ ಬಂದವರಿಗೆಲ್ಲ ಬಿಸಿನೀರು ತೋಡಿ ಕೊಡುತ್ತಿದ್ದ. ಪಕ್ಕದಲ್ಲಿ ಬೀರಮ್ಮನ ಒಲೆಯಿಂದ ಕೆಂಡ ತಂದ ಬೆರಣಿ ಇನ್ನೂ ಹೊಗೆಯುತ್ತಿತ್ತು. ಗದ್ದೆಯಂಚಿನಿಂದ ಕಿತ್ತು ತಂದು ಇಷ್ಟು ವರ್ಷ ಹಿತ್ತಿಲಲ್ಲಿ ಒಟ್ಟಿಟ್ಟಿದ್ದ ಆ ಬೇಲಿಯ ಜಾಲಿಮುಳ್ಳು ಹಂಡೆಯ ಕೆಳಗೆ ಚಟಚಟನೆ ಉರಿಯುತ್ತಿತ್ತು.