ಕರೆಂಟು ಬಂದ ಮೇಲಿನ ಕನ್ನಡಿ

ಮಧ್ಯಾಹ್ನ ಕೊರಿಯರ್‌ನವರು ಬರುವವರಿದ್ದರು. ಹಾಸನದ ನಮ್ಮ ಕಾಲೇಜಿನ ಲ್ಯಾಬಿನಲ್ಲಿದ್ದ ಒಂದೇ ಒಂದು ಬಾಗುವ ಕನ್ನಡಿಯನ್ನು ಕಂಪನಿಗೆ ವಾಪಸು ಕಳಿಸುವುದೆಂದು ನನ್ನ ಗೈಡ್ ಶಶಿಕಿರಣ್ ಸರ್ ತೀರ್ಮಾನಿಸಿದ್ದರು. ಅದು ಹೋದರೆ ನನ್ನ ಎಂ.ಟೆಕ್. ಪ್ರಾಜೆಕ್ಟೂ ಅದರ ಹಿಂದೆಯೇ ಹೋದಂತೆ.

ಆ ಕನ್ನಡಿಯ ಬೆನ್ನಿಗೆ ಪೀಜೋ ಹರಳಿನ ಪುಟ್ಟ ಕಂಬಗಳಿವೆ. ವೋಲ್ಟೇಜ್ ಕೊಟ್ಟರೆ ಅವು ಕಣ್ಣಿಗೆ ಕಾಣದಷ್ಟು ಉದ್ದವಾಗಿ ಕನ್ನಡಿಯನ್ನು ಉಬ್ಬಿಸುತ್ತವೆ. ಗಾಳಿಯಲ್ಲಿ ನಡುಗುತ್ತ ಬರುವ ನಕ್ಷತ್ರದ ಬೆಳಕನ್ನು ದೊಡ್ಡ ದೂರದರ್ಶಕಗಳು ಇಂಥ ಕನ್ನಡಿಯಿಂದಲೇ ನೆಟ್ಟಗೆ ಮಾಡಿಕೊಳ್ಳುತ್ತವೆ. ನಮಗೆ ನಕ್ಷತ್ರದ ಬದಲು ಲೇಸರ್, ಆಕಾಶದ ಬದಲು ಕರೆಂಟ್ ಒಲೆಯ ಮೇಲಿನ ಬಿಸಿಗಾಳಿ. ಹರಳಿಗೆ ಒಂದು ಹಟವಿದೆ. ಏರಿಸುತ್ತ ಐವತ್ತು ವೋಲ್ಟಿಗೆ ಬಂದರೆ ಒಂದು ಉದ್ದ, ಇಳಿಸುತ್ತ ಬಂದರೆ ಅದೇ ಐವತ್ತಕ್ಕೆ ಇನ್ನೊಂದು. ಬಂದ ದಾರಿಯನ್ನು ಅದು ಮರೆಯುವುದಿಲ್ಲ. ಆ ದಾರಿಯನ್ನು ನೆನಪಿಟ್ಟು ಸರಿಯಾದ ವೋಲ್ಟೇಜ್ ಕೊಡುವ ಪ್ರೋಗ್ರಾಂ ನಾನು ಬರೆದದ್ದು. ಕೆಲವು ದಿನ ಪರದೆಯ ಮೇಲೆ ಬೆಳಕು ಸೂಜಿಮೊನೆಯಾಗುತ್ತಿತ್ತು, ಕೆಲವು ದಿನ ಅಂಬಲಿ ಚೆಲ್ಲಿದಂತೆ ಹರಡುತ್ತಿತ್ತು. ಹರಳೇ ಒಡೆದಿದೆ ಎಂದು ಸರ್ ಹೇಳಿದಾಗ ನನಗೆ ಹಾಗನ್ನಿಸಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

ಕೊನೆಯ ಸಲ ನೋಡಿಬಿಡೋಣವೆಂದು ಲೇಸರ್ ಹಚ್ಚಿ ಕನ್ನಡಿಗೆ ವೋಲ್ಟೇಜ್ ಕೊಟ್ಟೆ. ಅಂದು ಪರದೆಯ ಮೇಲೆ ಬೆಳಕಿನ ಚುಕ್ಕಿ ಚೆನ್ನಾಗಿಯೇ ಬಂತು. ಹೊಳೆನರಸೀಪುರದ ಗೆಳತಿ ಧನ್ಯಾ ಪಕ್ಕದಲ್ಲೇ ಕೂತಿದ್ದಳು.

"ಗಂಡನ್ ಮನೆಗೆ ಕಳಿಸೋ ಮಗಳಿಗೆ ಮಡಿಲು ತುಂಬ್ಬೇಕಲ್ಲೇ ರಂಜು. ಚನ್ನರಾಯಪಟ್ಟಣದೋಳಾಗಿ ಒಂದ್ ತೆಂಗಿನ್ಕಾಯಿ ತರ್ಬಾರ್ದಾ?"

ನಗು ಮುಗಿಯುವುದರೊಳಗೆ ಕರೆಂಟು ಹೋಯಿತು. ಯುಪಿಎಸ್ ಕೆಟ್ಟು ಎಷ್ಟೋ ಕಾಲವಾಗಿತ್ತು. ಜನರೇಟರ್ ಗುಡುಗಿತು, ಕಂಪ್ಯೂಟರ್ ಎದ್ದಿತು, ಪ್ರೋಗ್ರಾಂ ಓಡಿಸಿದೆ. ಅಂಬಲಿ.

"ಈಗ್ತಾನೆ ಚೆನ್ನಾಗಿತ್ತಲ್ಲ. ಕರೆಂಟ್ ಹೋದ್ರೆ ಇದಕ್ಕೂ ಕೋಪ ಬತ್ತದಾ?" ಎಂದಳು ಧನ್ಯಾ.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನನ್ನ ಪ್ರೋಗ್ರಾಂ ಪ್ರತಿ ಸಲ ಎದ್ದಾಗಲೂ ಕನ್ನಡಿ ಚಪ್ಪಟೆಯಾಗಿದೆ ಎಂದೇ ನಂಬುತ್ತದೆ. ಕನ್ನಡಿಯೋ, ವೋಲ್ಟೇಜ್ ಸತ್ತರೂ ಹಿಂದಿನ ಉಬ್ಬನ್ನು ಒಂದಿಷ್ಟು ಉಳಿಸಿಕೊಂಡೇ ಇರುತ್ತದೆ. ನಾನೇ ಆರಿಸಿದರೆ ಪ್ರೋಗ್ರಾಂ ಅದನ್ನು ಚಪ್ಪಟೆ ಮಾಡಿಯೇ ಮಲಗುತ್ತದೆ; ಕೆಟ್ಟ ದಿನಗಳೆಲ್ಲ ಕರೆಂಟು ಹೋದ ದಿನಗಳು.

ಅಷ್ಟರಲ್ಲಿ ಸರ್ ಬಂದರು, ಹಿಂದೆ ಖಾಲಿ ಡಬ್ಬ ಹಿಡಿದ ಕೊರಿಯರ್‌ನ ಬೈರಯ್ಯ. ನಾನು ಮೇಜಿಗೆ ಅಡ್ಡ ನಿಂತೆ.

"ಸರ್, ಕನ್ನಡಿ ಒಡೆದಿಲ್ಲ. ಮರೆತಿರೋದು ನನ್ನ ಪ್ರೋಗ್ರಾಂ."

ಸರ್ ನನ್ನನ್ನೂ ಡಬ್ಬವನ್ನೂ ನೋಡಿದರು. "ಅವ್ರು ಕಾಯ್ತಾರಾ, ನೀನೇ ಕೇಳಮ್ಮ," ಎಂದರು.

ಅಪರಿಚಿತರ ಹತ್ತಿರ ಬಸ್ಸಿನ ಚಿಲ್ಲರೆಯನ್ನೂ ಕೇಳದವಳು ನಾನು. ಕೇಳಿದೆ. ಕಾಫಿ ಕುಡಿದು ಬರುವುದಾಗಿ ಬೈರಯ್ಯ ಹೇಳಿ ಹೋದರು.

ಪ್ರೋಗ್ರಾಮಿನ ತಲೆಗೆ ನಾಲ್ಕೇ ಸಾಲು ಸೇರಿಸಿದೆ. ಎದ್ದ ಕೂಡಲೇ ವೋಲ್ಟೇಜನ್ನು ಪೂರ್ತಿ ಏರಿಸಿ ಇಳಿಸು, ಆಮೇಲೆ ಅದಕ್ಕಿಂತ ಕಡಿಮೆ, ಆಮೇಲೆ ಇನ್ನೂ ಕಡಿಮೆ. ಉಯ್ಯಾಲೆ ತಾನಾಗಿ ನಿಲ್ಲುವ ಹಾಗೆ. ಹಳೆಯ ಉಬ್ಬೆಲ್ಲ ಅಳಿಸಿಹೋದ ಮೇಲೆ ಲೆಕ್ಕ ಶುರು ಮಾಡು.

ಚುಕ್ಕಿ ಸೂಜಿಮೊನೆಯಾಯಿತು. ಸರ್ ಬಗ್ಗಿ ಪ್ಲಗ್ ಕಿತ್ತರು, ಮತ್ತೆ ಚುಚ್ಚಿದರು. ಮತ್ತೆ ಸೂಜಿಮೊನೆ. ಧನ್ಯಾ ಕಿತ್ತಳು. ಅದೇ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಬೈರಯ್ಯ ಡಬ್ಬ ಕೆಳಗಿಟ್ಟರು.

"ನಾನೂ ಒಂದ್ಸಲ ಕೀಳ್ಲಾ ಸಾ?"

ಸರ್ ನನ್ನ ಕಡೆ ಕೈ ತೋರಿಸಿದರು. "ಅವಳನ್ನ ಕೇಳಿ."

"ಕೀಳಿ," ಎಂದೆ. ನನ್ನ ದನಿ ಜನರೇಟರಿಗಿಂತ ಜೋರಾಗಿತ್ತು.